ಗಾಗಲ್ ಹಣಿ ಮ್ಯಾಲ, ಕಣ್ಣು ಬಯಲಾಗ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜ್ ಎಲ್ಲಾ ಕೂಡಿಸಿ ನೋಡಿದ್ರ ಅರ್ಧಕ್ಕಿಂತ ಹೆಚ್ಚು ಕಣ್ಣಿನ ಬಗ್ಗೆನೇ ಅವ. ಪುಣೆ ಕಡೆಯ ಭೋಸರಿ, ಚಾಕಣ, ತಳವಡೆ, ಆ ಕಡೆ ಮುಂಬೈದ ಸಾಕಿನಾಕಾ, ಎಲ್ಲಾ ಕಡೆಯಿಂದ ಒಂದೇ ಮಾತು, ಕಾರ್ಖಾನಿ ಕೆಲಸದಾಗ ಕಣ್ಣು ಕಾಯೋ ಗಾಗಲ್ ಅದ ಆದ್ರ ಹಾಕ್ಕೊಳ್ಳಂಗಿಲ್ಲ. ಪಿಂಪ್ರಿ ಚಿಂಚ್ವಡದಾಗ ಒಂದು ಕಂಪನಿಯ ಸೇಫ್ಟಿ ಡಿಪಾರ್ಟ್‌ಮೆಂಟಿನಾಗ 26 ವರ್ಷ ಇದ್ದವ ನಾನು, ಇದೇ ಮಾತು ದಿನಾ ಕೇಳ್ಕೋತ ಬಂದವ, ಅದಕ್ಕ ಈ ತಿಂಗಳ ಜಾಗ ಪೂರಾ ಇದಕ್ಕೇ ಕೊಟ್ಟೀನಿ. ಬ್ಯಾರೆ ಪ್ರಶ್ನೆ ಕೇಳಿದವ್ರು ಸಿಟ್ಟಾಗಬ್ಯಾಡ್ರಿ, ಮುಂದಿನ ಸಂಚಿಕಿಯಾಗ ನೋಡೋಣ.

ಪ್ರಶ್ನೆ: ಅಣ್ಣಾರ, ನಮ್ಮ ಮನಿಯವ್ರು ಭೋಸರಿ ಎಂಐಡಿಸಿ ಕಾರ್ಖಾನಿ ಪ್ರದೇಶದೊಳಗ ಫ್ಯಾಬ್ರಿಕೇಶನ್ ಶಾಪಿನಾಗ ಹ್ಯಾಂಡ್ ಗ್ರೈಂಡರ್ ಮ್ಯಾಲ ಇದ್ದಾರ. ಹದಿನೈದು ದಿನಕ್ಕೊಮ್ಮೆ ಆದ್ರೂ ಕಣ್ಣು ಕೆಂಪಗ ಮಾಡ್ಕೊಂಡು ಬರ್ತಾರ, ರಾತ್ರಿ ನೀರು ಸೋರ್ತದ. ಕಂಪನಿ ಗಾಗಲ್ ಕೊಟ್ಟದ, ಅದು ಬುತ್ತಿ ಚೀಲದಾಗೇ ಇರ್ತದ. ಹೇಳಿದ್ರ ಹದಿನೈದು ವರ್ಷ ಆತು ನಂಗೇನೂ ಆಗಿಲ್ಲ ಅಂತ ನನ್ನ ಮ್ಯಾಲೇ ಹಾಯ್ತಾರ. ಹೆಂಗ ಹೇಳಿದ್ರ ಕೇಳ್ತಾರ? (ಭೋಸರಿಯಿಂದ ಒಬ್ಬ ತಂಗಿ)

ಉತ್ತರ: ತಂಗಿ, ಮೊದ್ಲು ಹೇಳೋದು ಬಿಡು, ಇವತ್ತು ರಾತ್ರಿ ಅವ್ರ ಬುತ್ತಿ ಚೀಲದಿಂದ ಆ ಗಾಗಲ್ ತಗೊಂಡು ನೀನೇ ಹಾಕ್ಕೊಂಡು ಅಡಿಗಿ ಮನಿಯಾಗ ಒಂದು ರೊಟ್ಟಿ ಬಡ್ದು ನೋಡು. ಹಿಂಗ ಯಾಕ ಹೇಳ್ಲಿಕತ್ತೀನಿ ಅಂದ್ರ ನನ್ನ ಕಣ್ಣು ತೆರೆದಿದ್ದೇ ಹಂಗ. ನಾ ಹೊಸಾದಾಗಿ ಸೇಫ್ಟಿಗೆ ಬಂದಾಗ ಇಂಡಿ ತಾಲೂಕಿನ ಕಡೆಯವ ಒಬ್ಬ ಗ್ರೈಂಡರ್ ಇದ್ದ, ಕೆಲಸದಾಗ ಭಾಳ ಹುಷಾರ್, ಆದ್ರ ಗಾಗಲ್ ಯಾವಾಗ ನೋಡಿದ್ರೂ ಹಣಿ ಮ್ಯಾಲ. ಮೂರು ಸಲ ಎಲ್ಲಾರ ಮುಂದ ಬೈದೆ. ನಾಲ್ಕನೇ ಸಲ ಹೋದಾಗ ಆತ ಮಾತಾಡ್ಲಿಲ್ಲ, ಗಾಗಲ್ ಬಿಚ್ಚಿ ನನ್ನ ಕೈಯಾಗ ಇಟ್ಟು, ಸಾಹೇಬ್ರ ಇದನ್ನ ಹಾಕ್ಕೊಂಡು ಆ ವೆಲ್ಡ್ ಲೈನ್ ಎಲ್ಲಿ ಮುಗೀತದ ತೋರಸ್ರಿ ಅಂದ. ಹಾಕ್ಕೊಂಡೆ. ಮಜ್ಜಗಿ ಬಟ್ಟಲದಾಗ ಕಣ್ಣು ಬಿಟ್ಟಂಗ ಆತು. ತುಂಬ ಗೀರು, ಮ್ಯಾಲಿನ ಟ್ಯೂಬ್‌ಲೈಟಿನ ಬೆಳಕು ಆ ಗೀರಿನಾಗ ಹರಡಿ ಲೈನ್ ಕಾಣೋದೇ ಇಲ್ಲ, ಕೆಲಸ ಹಾಳಾದ್ರ ಬೈಸ್ಕೊಳ್ಳೋದು ಆತ. ಗೀರು ಹೆಂಗ ಬಿದ್ದುವು ಅಂದ್ರ ಗ್ರೈಂಡಿಂಗ್ ಧೂಳು ಕೂತ ಲೆನ್ಸನ್ನ ದಿನಾ ಕಾಟನ್ ವೇಸ್ಟಿನಿಂದ ಒಣಾದೇ ಒರೆಸ್ತಿದ್ದ, ಅದರಾಗ ಕಬ್ಬಿಣದ ಪುಡಿ ಇರ್ತದ, ಅಂದ್ರ ಪಾಲಿಶ್ ಪೇಪರ್ ಹಚ್ಚಿ ತಿಕ್ಕಿದಂಗೇ. ನೀರು ಆ ಮಷಿನ್‌ನಿಂದ ದೂರ, ತೊಳೀಲಿಕ್ಕೆ ಹೋದ್ರ ಸೂಪರ್‌ವೈಸರ್ ಎಲ್ಲಿ ಹೋಗಿದ್ದಿ ಅಂತಾನ. ಆ ದಿನದಿಂದ ನಾ ಯಾರಿಗೂ ಯಾಕ ಹಾಕ್ಕೊಂಡಿಲ್ಲ ಅಂತ ಬೈಯೋದು ಬಿಟ್ಟೆ, ಹಾಕ್ಕೊಂಡ್ರ ಏನ್ ತ್ರಾಸ ಆಗ್ತದ ಅಂತ ಕೇಳ್ಲಿಕ್ಕೆ ಶುರು ಮಾಡ್ದೆ. ನೂರಕ್ಕ ತೊಂಬತ್ತು ಮಂದಿ ಹಟಕ್ಕ ಬಿಟ್ಟವ್ರಲ್ಲ ತಂಗಿ, ಕಾಣಂಗಿಲ್ಲ, ಬೆವರು ಇಳೀತದ, ಮೂಗು ಒತ್ತತದ, ಕಿವಿ ಹಿಂದ ಕೊರೀತದ, ಇವೇ ಕಾರಣ. ಇದು ಲೆಕ್ಕ ಹಾಕಿದ ಮಾತಲ್ಲ, ನನ್ನ ಅನುಭವದ ಮಾತು.

ಇನ್ನ ಹದಿನೈದು ವರ್ಷ ಏನೂ ಆಗಿಲ್ಲ ಅನ್ನೋದು. ಆಗೇ ಆಗ್ಯದ, ಹದಿನೈದು ದಿನಕ್ಕೊಮ್ಮೆ ಆಗ್ಲಿಕತ್ತದ, ಕಣ್ಣು ಕೆಂಪಾಗೋದು ಅಂದ್ರ ಅದೇ. ನಾಲ್ಕು ಇಂಚಿನ ಗ್ರೈಂಡರ್ ಸಾಮಾನ್ಯ ನಿಮಿಷಕ್ಕ 11,000 ಸುತ್ತು ತಿರುಗ್ತದ, ಲೆಕ್ಕ ಹಾಕಿದ್ರ ಆ ವೀಲಿನ ಅಂಚು ಸೆಕೆಂಡಿಗೆ 57 ಮೀಟರ್ ಓಡ್ತದ, ಅಂದ್ರ ತಾಸಿಗೆ 200 ಕಿಲೋಮೀಟರ್ ಮ್ಯಾಲ. ಆ ವೇಗಕ್ಕ ಸಿಡಿದ ಕಣ ಒಂದು ಮೊಳ ದೂರದ ಕಣ್ಣಿಗೆ ಬರ್ಲಿಕ್ಕೆ ಸೆಕೆಂಡಿನ ನೂರನೇ ಒಂದು ಭಾಗನೂ ಬೇಕಾಗಿಲ್ಲ, ನಮ್ಮ ರೆಪ್ಪಿ ಮುಚ್ಚಲಿಕ್ಕೆ ಅದರ ಹತ್ತು ಪಟ್ಟು ಟೈಮ್ ಬೇಕು. ನಂಗ ಕಿಡಿ ಹೆಂಗ ಬರ್ತದ ಗೊತ್ತು, ಕಣ್ಣು ಸಣ್ಣ ಮಾಡಿ ನೋಡ್ತೀನಿ ಅನ್ನೋರು ಭಾಳ ಮಂದಿ, ಅವ್ರಿಗೆ ಈ ಲೆಕ್ಕ ಹೇಳು. ಕಣ್ಣಿನ ಕರೀಗುಡ್ಡಿ ಮ್ಯಾಲಿನ ಪಾರದರ್ಶಕ ಪರದೆ, ಕಾರ್ನಿಯಾ ಅಂತಾರ, ಅದರ ದಪ್ಪ ನಡುವ ಅರ್ಧ ಮಿಲಿಮೀಟರ್ ಅಷ್ಟ. ಅದರಾಗ ಬಿಸಿ ಕಬ್ಬಿಣದ ಕಣ ನೆಟ್ಕೊಂಡು ಒಂದು ರಾತ್ರಿ ಉಳಿದ್ರ ಸುತ್ತ ತುಕ್ಕಿನ ಉಂಗುರ ಕಟ್ತದ, ಕಣ ತೆಗೆದ್ರೂ ಆ ಉಂಗುರ ಉಳೀತದ, ಅದನ್ನ ಡಾಕ್ಟರೇ ತೆಗೀಬೇಕು. ಕಲೆ ನಟ್ಟನಡುವ ಬಿತ್ತಂದ್ರ ದೃಷ್ಟಿ ಮಸುಕು, ಅದು ಮುಂದ ಹೋಗಂಗಿಲ್ಲ.

ಇನ್ನೊಂದು ಕೇಳು ಅವ್ರಿಗೆ, ಕಣ್ಣಾಗ ಬಿದ್ದಿದ್ದು ಯಾರು ತೆಗೀತಾರ ಅಂತ. ಪ್ರತಿ ಶಾಪಿನಾಗ ಒಬ್ಬ ಉಸ್ತಾದ್ ಇರ್ತಾನ, ಕರವಸ್ತ್ರದ ತುದಿ ಉಗುಳು ಹಚ್ಚಿ ಇಲ್ಲಾ ಕಡ್ಡಿಪೆಟ್ಟಿಗಿ ಕಡ್ಡಿ ತಗೊಂಡು ರೆಪ್ಪಿ ತಿರುವಿ ತೆಗೀತಾನ, ಪಾಪ ಒಳ್ಳೇ ಮನಸಿಲೇ ಮಾಡ್ತಾನ. ಆದ್ರ ಆ ಹೊಲಸು ಕಡ್ಡಿಯಿಂದ ಕಾರ್ನಿಯಾದಾಗ ಹುಣ್ಣಾಗಿ ಕಣ್ಣು ಬೆಳ್ಳಗಾದವ್ರನ್ನ ನಾ ನೋಡೀನಿ. ಇದೊಂದನ್ನ ಮಾತ್ರ ಹಟ ಹಿಡಿದು ನಿಲ್ಲಸು. ಗಾಗಲ್ ಗೀರು ಬಿದ್ದಿದ್ರ ಹೊಸಾದು ಕೇಳ್ಲಿಕ್ಕೆ ಹೇಳು, ಅದು ಅವ್ರ ಹಕ್ಕು, ಕೆಳಗ ಬರ್ದೀನಿ. ಮನಿಯಾಗ ಸ್ವಲ್ಪ ಸೋಪಿನ ನೀರಾಗ ಅದ್ದಿ, ತಣ್ಣೀರಾಗ ಜಾಲಾಡಿಸಿ, ನಿನ್ನ ಹಳೇ ಕಾಟನ್ ಸೀರಿ ತುಂಡಿನಿಂದ ಒತ್ತಿ ಒಣಗಸಿ ಬುತ್ತಿ ಜೋಡಿ ಇಡು. ನೀನು ತೊಳೆದಿಟ್ಟಿದ್ದು ಅಂದ್ರ ಹಾಕ್ಕೋತಾರ, ನೋಡು.

ಪ್ರಶ್ನೆ: ನಮಸ್ಕಾರ. ಊರು ಕಾರ್ಕಳ ಕಡೆ, ಸಾಕಿನಾಕಾದಲ್ಲಿ ಸಣ್ಣ ವರ್ಕ್‌ಶಾಪ್ ಉಂಟು, ಹನ್ನೆರಡು ಜನ ಹುಡುಗರು. ಒಂದು ಡಜನ್ ಗಾಗಲ್ ತಂದು ಕೊಟ್ಟೆ, ಗೋಡೆಗೆ ಬೋರ್ಡ್ ಹಾಕಿದೆ, ಹಾಕದವರಿಗೆ 50 ರೂಪಾಯಿ ದಂಡ ಅಂತ ಮಾಡಿದೆ. ಈಗ ನಾನು ಬರುವಾಗ ಹಣೆಯಿಂದ ಕೆಳಗೆ ಇಳಿಸ್ತಾರೆ, ನಾನು ಆಚೆ ಹೋದ ಕೂಡ್ಲೇ ಮತ್ತೆ ಮೇಲೆ. ನನಗೆ ಸಾಕಾಗಿ ಹೋಗಿದೆ ಮಾರಾಯ್ರೆ, ಏನು ಮಾಡುವುದು?

ಉತ್ತರ: ಸಾವ್ಕಾರ್ರ, ನೀವು ದುಡ್ಡು ಹಾಕಿ ತಂದು ಕೊಟ್ಟೀರಿ ಅಂದ್ರ ನಿಮಗ ಕಾಳಜಿ ಅದ, ಅದಕ್ಕ ನೇರ ಹೇಳ್ತೀನಿ. ನೀವು ಶೆಡ್ಡಿನೊಳಗ ಬಂದಾಗ ನಿಮ್ಮ ಕಣ್ಣಿಗೆ ಗಾಗಲ್ ಇರ್ತದ ಏನು? ಮಾಲಕ ಬರೇ ಕಣ್ಣಿನಿಂದ ಓಡಾಡಿದ್ರ ಹುಡುಗ್ರು ತಿಳ್ಕೊಳ್ಳೋದು ಒಂದೇ, ಇದು ಕಣ್ಣಿನ ಸಲುವಾಗಿ ಅಲ್ಲ, ಶೇಠ್ ಸಲುವಾಗಿ ಹಾಕ್ಕೊಳ್ಳೋದು ಅಂತ. ಅದಕ್ಕೇ ನೀವು ಹೋದ ಕೂಡ್ಲೇ ಮ್ಯಾಲ ಹೋಗ್ತದ. ನಾಳಿಯಿಂದ ಬಾಗಿಲದಾಗೇ ಒಂದು ಮೊಳಿ ಹೊಡ್ದು ನಿಮ್ಮ ಗಾಗಲ್ ತೂಗ ಹಾಕ್ರಿ, ಹಾಕ್ಕೊಂಡೇ ಒಳಗ ಕಾಲಿಡ್ರಿ, ಹದಿನೈದು ದಿನ ಯಾರಿಗೂ ಒಂದು ಮಾತು ಅನಬ್ಯಾಡ್ರಿ.

ಆಮ್ಯಾಲ ಆ ಡಜನ್ ಬಗ್ಗೆ. ಹನ್ನೆರಡು ಜನಕ್ಕ ಹನ್ನೆರಡು ಚಪ್ಪಲಿ ಒಂದೇ ಸೈಜ್ ತರ್ತೀರಾ? ಮಾರಿ ಹಂಗೇ ಅಲ್ರಿ, ಒಬ್ಬನ ಮೂಗು ಚಪ್ಪಟಿ, ಒಬ್ಬನ ಮಾರಿ ಅಗಲ, ಒಬ್ಬಗ ಗಾಗಲ್ ಜಾರ್ತದ, ಒಬ್ಬಗ ಒತ್ತಿ ತಲಿ ನೋಯ್ತದ. ಮೂರು ನಮೂನಿ ಎರಡೆರಡು ತರ್ರಿ, ಒಂದು ಬಗಲಿಗೆ ಮುಚ್ಚಿಗಿ ಇರೋ ಚಷ್ಮಾದಂಥದು, ಒಂದು ರಬ್ಬರ್ ಪಟ್ಟಿ ಇರೋ ಮುಚ್ಚಿದ ಗಾಗಲ್, ಒಂದು ಕಡ್ಡಿ ಉದ್ದ ಗಿಡ್ಡ ಮಾಡ್ಲಿಕ್ಕೆ ಬರೋದು. ಒಂದು ವಾರ ಹುಡುಗ್ರೇ ಅದಲು ಬದಲು ಮಾಡಿ ಹಾಕ್ಕೊಂಡು ನೋಡ್ಲಿ, ಯಾವುದು ಒಪ್ತಾರ ಅದನ್ನ ತರ್ರಿ, ಒಬ್ಬೊಬ್ಬನ ಹೆಸರು ಬರ್ದು ಕೊಡ್ರಿ. ತಾನೇ ಆರಿಸಿದ್ದನ್ನ ಮನಷ್ಯ ಅಷ್ಟು ಸುಲಭಕ್ಕ ಬಿಡಂಗಿಲ್ಲ, ಇದು ನಾ ನಮ್ಮ ಲೈನಿನಾಗ ಮಾಡಿ ನೋಡಿದ್ದು, ನನ್ನ 26 ವರ್ಷದಾಗ ಬೋರ್ಡ್, ಭಾಷಣ, ಪ್ರತಿಜ್ಞೆ ಎಲ್ಲಾ ಕೂಡಿ ಮಾಡದ ಕೆಲಸ ಇದೊಂದು ಮಾಡ್ತು.

ಮುಂಬೈದಾಗ ಜೂನ್ ಬಂತಂದ್ರ ಗಾಳಿಯಾಗೇ ನೀರು, ಗಾಗಲ್ ಒಳಗ ಹಬೆ ಕಟ್ಟೋದು ದೊಡ್ಡ ತ್ರಾಸ. ಅದರಾಗೂ ಧೂಳಿಗೆ ಅಂತ ಹುಡುಗ್ರು ಮೂಗಿಗೆ ಟವೆಲ್ ಕಟ್ತಾರ, ಉಸಿರು ಕೆಳಗ ಹೋಗಲಿಕ್ಕೆ ಜಾಗ ಇಲ್ಲದ ಮ್ಯಾಲ ಏರಿ ಸೀದಾ ಗಾಗಲ್ ಒಳಗ ಹೋಗ್ತದ, ಎರಡು ನಿಮಿಷಕ್ಕ ಕುರುಡು. ಟವೆಲ್ ಬಿಡಿಸಿ ಮೂಗಿನ ಮ್ಯಾಲ ತಂತಿ ಒತ್ತೋ ಮಾಸ್ಕ್ ಕೊಡ್ರಿ, ಗಾಗಲ್ ಹಬೆ ಹಿಡೀದ ಕೋಟಿಂಗ್ ಇರೋದು, ಗಾಳಿ ಕಿಂಡಿ ಇರೋದು ತರ್ರಿ, ಒಂದು ಫ್ಯಾನ್ ಕೆಲಸದ ಜಾಗದ ಕಡೆ ತಿರುಗಸ್ರಿ. ಮಷಿನ್ ಹತ್ರನೇ ಒಂದು ಬಕೆಟ್ ನೀರು, ಸೋಪು, ಮೆತ್ತನ್ನ ಅರಿವಿ ಇರ್ಲಿ. ನಿಮ್ಮ ಹುಡುಗ್ರಿಗೆ ಪೀಸ್ ಲೆಕ್ಕದಾಗ ದುಡ್ಡು ಕೊಡ್ತೀರೋ ದಿನಗೂಲಿಯೋ ನೀವು ಬರ್ದಿಲ್ಲ. ಪೀಸ್ ಲೆಕ್ಕ ಇದ್ರ ಗಾಗಲ್ ಒರೆಸೋ ಪ್ರತಿ ನಿಮಿಷ ಅವ್ರ ಜೇಬಿನಿಂದ ಹೋಗ್ತದ, ಹಂಗಿದ್ದಾಗ ಹಣಿ ಮ್ಯಾಲ ಏರಸೋದು ಅವ್ರ ತಪ್ಪು ಅಂತ ನನಗ ಅನ್ಸಂಗಿಲ್ಲ.

ದಂಡ ಮಾತ್ರ ಇವತ್ತೇ ನಿಲ್ಲಸ್ರಿ. ಪಗಾರದಾಗಿಂದ ದಂಡ ಹಿಡಿಯೋದಕ್ಕ ಕಾಯ್ದೆಯೊಳಗ ಕಟ್ಟುಪಾಡು ಅವ, ಮನಸಿಗೆ ಬಂದಂಗ ಹಿಡಿಯೋ ಹಂಗಿಲ್ಲ, ಮತ್ತ ದಂಡ ಹಾಕಿದ್ರ ಹುಡುಗ ಕಣ್ಣಾಗ ಬಿದ್ದಿದ್ದನ್ನ ನಿಮಗ ಹೇಳಂಗಿಲ್ಲ, ಮುಚ್ಚಿಡ್ತಾನ. ಅದು ದೊಡ್ಡ ಅಪಾಯ. ಅಮೆರಿಕಾದಾಗ ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆ 1980ರ ಸುಮಾರಿಗೆ ಕಣ್ಣಿಗೆ ಪೆಟ್ಟಾದ ಕೆಲಸಗಾರ್ರನ್ನೇ ಕೇಳಿ ನೋಡಿತ್ತು, ಐದರಾಗ ಸುಮಾರು ಮೂರು ಮಂದಿ ಪೆಟ್ಟಾದಾಗ ಏನೂ ಹಾಕ್ಕೊಂಡಿರ್ಲಿಲ್ಲ. ಹಾಕ್ಕೊಂಡೂ ಪೆಟ್ಟಾದವ್ರ ಪೈಕಿ ಭಾಳ ಮಂದಿದು ಆ ಕೆಲಸಕ್ಕ ಹೊಂದದ ಗಾಗಲ್. ಅದಕ್ಕೇ ಹೇಳಿದ್ದು, ಒಂದು ಡಜನ್ ತಂದೆ, ನನ್ನ ಕೆಲಸ ಮುಗೀತು ಅಂತ ಅನಕೋಬ್ಯಾಡ್ರಿ.

ಪ್ರಶ್ನೆ: ನಂಗ ಮೈನಸ್ 3 ನಂಬರ್ ಚಷ್ಮಾ ಅದ, ಚಾಕಣದಾಗ ಲೇತ್ ಮ್ಯಾಲ ಟರ್ನರ್. ಕಣ್ಣಿಗೆ ಚಷ್ಮಾ ಇದ್ದೇ ಅದ ಅಂದ ಮ್ಯಾಲ ಇನ್ನೊಂದು ಯಾಕ? ಎರಡೂ ಹಾಕ್ಕೊಂಡ್ರ ದೆವ್ವದಂಗ ಕಾಣ್ತೀನಿ ಅಂತ ನಗ್ತಾರ.

ಉತ್ತರ: ತಮ್ಮಾ, ನಗೋರು ನಗ್ಲಿ ಬಿಡು. ನಂಬರ್ ಚಷ್ಮಾ ನೋಡ್ಲಿಕ್ಕೆ ಮಾಡಿದ್ದು, ಪೆಟ್ಟು ತಡೀಲಿಕ್ಕೆ ಅಲ್ಲ. ಬಿಸಿ ಚಿಪ್, ಅಂದ್ರ ಲೇತ್‌ನಿಂದ ಹಾರೋ ಲೋಹದ ಚೂರು, ಜೋರಾಗಿ ಬಡಿದ್ರ ಗಾಜಿನ ಲೆನ್ಸ್ ಒಡೆದು ಅದರ ಚೂರೇ ಕಣ್ಣಾಗ ಹೋಗ್ತದ, ಬಗಲು ಎರಡೂ ಕಡೆ ಪೂರಾ ಬಯಲು, ಲೇತ್ ಚಿಪ್ ಬರೋದು ಹೆಚ್ಚಾಗಿ ಬಗಲಿಂದನೇ. ನಂಬರ್ ಹಾಕಿ ಮಾಡಿದ ಪಾಲಿಕಾರ್ಬೊನೇಟ್ (ಗಟ್ಟಿ ಪ್ಲಾಸ್ಟಿಕ್) ಸೇಫ್ಟಿ ಚಷ್ಮಾ ಸಿಗ್ತದ, ಬಗಲ ಮುಚ್ಚಿಗಿ ಜೋಡಿ, ಕಂಪನಿಗೆ ಅದನ್ನೇ ಕೇಳು. ಅದು ಬರೋ ತನಕ ನಂಬರ್ ಚಷ್ಮಾದ ಮ್ಯಾಲ ಹಾಕ್ಕೊಳ್ಳೋ ದೊಡ್ಡ ಗಾಗಲ್. ತಗೊಳ್ಳಾಗ ಕಡ್ಡಿ ಮ್ಯಾಲ, ಲೆನ್ಸ್ ಮೂಲ್ಯಾಗ ಸಣ್ಣ ಅಕ್ಷರ ನೋಡು, ಭಾರತದ ಗುಣಮಟ್ಟದ ಗುರ್ತು ಐಎಸ್ 5983 ಅಥವಾ ಯುರೋಪಿನ ಗುರ್ತು ಇಎನ್ 166 ಅಂತ ಇರ್ಬೇಕು. ಇಎನ್ ಗುರ್ತಿನ ಜೋಡಿ ಎಫ್ ಅಂತಿದ್ರ ಆರು ಮಿಲಿಮೀಟರ್ ಉಕ್ಕಿನ ಗುಂಡು ಸೆಕೆಂಡಿಗೆ 45 ಮೀಟರ್ ವೇಗಕ್ಕ ಬಡಿದ್ರೂ ತಡೀತದ ಅಂತ, ಬಿ ಅಂತಿದ್ರ 120 ಮೀಟರ್. ಆ ಭೋಸರಿ ತಂಗಿ ಮನಿಯವ್ರಿಗೂ ಇದು ಅನ್ವಯ, ಗ್ರೈಂಡರ್ ಕಣ ಆ ಗುಂಡಿಗಿಂತ ಭಾಳ ಸಣ್ಣದು, ಅದಕ್ಕ ಎಫ್ ಸಾಕು, ಆದ್ರ ವೀಲೇ ಒಡೆದು ತುಂಡು ಹಾರಿದ್ರ ಸಾಕಾಗಂಗಿಲ್ಲ, ಮ್ಯಾಲ ಮಾರಿ ಮುಚ್ಚೋ ಫೇಸ್ ಶೀಲ್ಡ್ ಬೇಕು.

ಪ್ರಶ್ನೆ: ನಾ ವೆಲ್ಡರ್ ಅಲ್ರಿ, ಹೆಲ್ಪರ್, ಜಾಬ್ ಹಿಡಿಯೋನು. ತಳವಡೆಯಾಗ ಕೆಲಸ. ಹಗಲಿ ಏನೂ ಇರಂಗಿಲ್ಲ, ರಾತ್ರಿ ಎರಡಕ್ಕ ಕಣ್ಣಾಗ ಉಸುಕು ಹಾಕಿ ತಿಕ್ಕಿದಂಗ ಆಗಿ ಎದ್ದು ಕುಂಡ್ರತೀನಿ. ರೂಮಿನವ್ರು ಆಲೂಗಡ್ಡಿ ಇಡು ಅಂತಾರ, ಊರಾಗ ಅವ್ವ ಬಾಣಂತಿ ಎದಿಹಾಲು ಹನಿ ಬಿಡು ಅಂತಾಳ. ಯಾವುದು ಬರೋಬರ್?

ಉತ್ತರ: ಎರಡೂ ಬ್ಯಾಡ ತಮ್ಮಾ. ಅವ್ವಗ ಪ್ರೀತಿಲೇ ತಿಳಿಸಿ ಹೇಳು, ಎದಿಹಾಲು ಕೂಸಿಗೆ ಅಮೃತ, ಆದ್ರ ಸುಟ್ಟ ಕಣ್ಣಿಗೆ ಅದರಿಂದ ಸೋಂಕು ಆಗಬಹುದು. ಇದಕ್ಕ ಆರ್ಕ್ ಹೊಡೆಯೋದು ಅಂತಾರ, ವೆಲ್ಡಿಂಗ್ ಬೆಳಕಿನಾಗಿನ ಕಾಣದ ಕಿರಣ ಕಾರ್ನಿಯಾ ಸುಡ್ತದ, ಬಿಸಿಲಿಗೆ ಚರ್ಮ ಸುಟ್ಟಂಗೇ, ನೋವು ಬರೋದು ಆರರಿಂದ ಹನ್ನೆರಡು ತಾಸು ಬಿಟ್ಟು, ಅದಕ್ಕೇ ರಾತ್ರಿ. ಮುಚ್ಚಿದ ರೆಪ್ಪಿ ಮ್ಯಾಲ ತಣ್ಣೀರ ಅರಿವಿ, ಕತ್ತಲ ಕೋಣಿ, ಮುಂಜಾನೆ ಡಾಕ್ಟರ್. ಸಾಮಾನ್ಯ ಒಂದೆರಡು ದಿನದಾಗ ಮಾಯ್ತದ. ಮೆಡಿಕಲ್ ಅಂಗಡಿಯಾಗ ಯಾರಾದ್ರೂ ಕಣ್ಣು ಮರಗಟ್ಟಿಸೋ ಡ್ರಾಪ್ಸ್ ಕೊಟ್ರ ತಗೋಬ್ಯಾಡ, ನೋವು ಕೂಡ್ಲೇ ಹೋಗ್ತದ ಖರೆ, ಆದ್ರ ಮತ್ತ ಮತ್ತ ಹಾಕಿದ್ರ ಗಾಯ ಮಾಯೋದೇ ನಿಂತು ಕಾರ್ನಿಯಾ ಹಾಳಾಗ್ತದ.

ಹೆಲ್ಪರ್‌ಗೆ ಯಾರೂ ಏನೂ ಕೊಡಂಗಿಲ್ಲ ಅನ್ನೋದು ನಂಗ ಗೊತ್ತು, ವೆಲ್ಡರ್‌ಗೆ ಒಂದು ಹೆಲ್ಮೆಟ್ ಇದ್ರ ಮುಗೀತು. ಟ್ಯಾಕ್ (ಜಾಬ್ ಕೂಡಿಸಿ ಹಿಡಿಯೋ ಸಣ್ಣ ವೆಲ್ಡ್) ಹೊಡೆಯಾಗ ನೀ ಮಾರಿ ತಿರುಗಿಸಿ ಕಣ್ಣು ಮುಚ್ತಿ, ಹೌದಲ್ಲೋ? ಸಾಕಾಗಂಗಿಲ್ಲ, ಬಗಲಿನ ಗೋಡಿ, ತಗಡು ಎಲ್ಲಾ ಆ ಬೆಳಕು ಹೊಳ್ಳಿ ಎಸೀತಾವ. ರಸ್ತಾ ಮ್ಯಾಲಿನ ಕರೀ ಚಷ್ಮಾ ಅಂತೂ ಬ್ಯಾಡೇ ಬ್ಯಾಡ. ನಿನಗೂ ವೆಲ್ಡರ್‌ಗೆ ಕೊಟ್ಟಂಗ 10ನೇ ನಂಬರ್ ಅಥವಾ ಅದಕ್ಕೂ ಗಾಢ ಗಾಜಿನ ಕೈಶೀಲ್ಡ್ ಇಲ್ಲಾ ಹೆಲ್ಮೆಟ್ ಬೇಕು, ನಿನ್ನ ವೆಲ್ಡರ್ ಕಡೆಯಿಂದನೇ ಕೇಳಸು, ಅವ ಹೇಳಿದ್ರ ಸೂಪರ್‌ವೈಸರ್ ಕೇಳ್ತಾನ. ಇನ್ನೊಂದು ನಿಮ್ಮ ವೆಲ್ಡರ್‌ಗೂ ಹೇಳು, ವೆಲ್ಡ್ ಲೈನ್ ಮುಗಿದ ಕೂಡ್ಲೇ ಹೆಲ್ಮೆಟ್ ಮ್ಯಾಲ ಎತ್ತಿ ಅದರ ಮ್ಯಾಲ ಕಟ್ಟಿದ ಪೊರಿ, ಸ್ಲ್ಯಾಗ್ ಅಂತಾರ, ಅದನ್ನ ಹಮ್ಮರಿನಿಂದ ಕುಟ್ತಾರಲ್ಲ, ಆ ಬಿಸಿ ಸ್ಲ್ಯಾಗ್ ಸೀದಾ ಕಣ್ಣಿಗೇ ಹಾರ್ತದ. ಹೆಲ್ಮೆಟ್ ಒಳಗೂ ಒಂದು ಬಿಳೀ ಗಾಗಲ್ ಇರ್ಬೇಕು.

ಪ್ರಶ್ನೆ: ಠೇಕೇದಾರ ಗಾಗಲ್ ದುಡ್ಡು ಪಗಾರದಾಗ ಮುರ್ಕೊಂಡ. ಮತ್ತ ಗಾಗಲ್ ಹಾಕ್ಕೊಳ್ದ ಪೆಟ್ಟಾದ್ರ ಒಂದು ರೂಪಾಯಿನೂ ಸಿಗಂಗಿಲ್ಲ ಅಂತ ಹೆದರಸ್ತಾನ. ಖರೆ ಏನ್ರಿ?

ಉತ್ತರ: ಮುರ್ಕೊಂಡಿದ್ದು ತಪ್ಪು. ಕಣಗಳು ಸಿಡಿಯೋ ಕಡೆ, ಜೋರು ಬೆಳಕಿನ ಕಡೆ ಕಣ್ಣಿಗೆ ಗಾಗಲ್ ಇಲ್ಲಾ ಪರದೆ ಕೊಡ್ಬೇಕು ಅಂತ 1948ರ ಫ್ಯಾಕ್ಟರಿ ಕಾಯ್ದೆಯ 35ನೇ ಕಲಂ ಇತ್ತು, ಅಂಥ ಸೌಲಭ್ಯಕ್ಕ ಕೆಲಸಗಾರನ ಕಡೆ ದುಡ್ಡು ತಗೊಳ್ಳೋ ಹಂಗಿಲ್ಲ ಅಂತ 114ನೇ ಕಲಂ ಇತ್ತು. ಈಗ ಆ ಕಾಯ್ದೆ ಜಾಗಕ್ಕ ಹೊಸ ಲೇಬರ್ ಕೋಡ್ ಬಂದಾವ, ಆದ್ರ ಸುರಕ್ಷೆಗೆ ಅಂತ ಕೊಟ್ಟಿದ್ದಕ್ಕ ಕೆಲಸಗಾರನ ಮ್ಯಾಲ ಖರ್ಚು ಹಾಕಬಾರದು ಅನ್ನೋದು ಅಲ್ಲೂ ಅದ.

ಹೆದರಸೋ ಮಾತಿನಾಗ ಅರ್ಧ ಖರೆ ಅದ, ಅದಕ್ಕ ಹುಷಾರಾಗಿ ಓದ್ರಿ. ನಿಮಗ ಇಎಸ್ಐ (ಕೆಲಸಗಾರ್ರ ಸರ್ಕಾರಿ ವಿಮೆ) ಇದ್ದು, ಮಾಲಕನ ಕೆಲಸ ಮಾಡ್ತಿದ್ದಾಗಲೇ ಪೆಟ್ಟಾಗಿದ್ರ, ನಿಯಮ ಮುರಿದಿದ್ರಿ ಅಂತ ಅಷ್ಟಕ್ಕೇ ಸವಲತ್ತು ತಪ್ಪಂಗಿಲ್ಲ. ಇಎಸ್ಐ ಇಲ್ಲದವ್ರಿಗೆ 1923ರ ನೌಕರರ ಪರಿಹಾರ ಕಾಯ್ದೆಯ ದಾರಿ ಇತ್ತು, ಈಗ ಅದು ಹೊಸ ಕೋಡಿನೊಳಗ ಸೇರ್ಯದ, ಅದರಾಗ ಮಾತ್ರ, ಕೊಟ್ಟ ರಕ್ಷಣಾ ಸಾಧನವನ್ನ ಗೊತ್ತಿದ್ದೂ ಬೇಕಂತಲೇ ತೆಗೆದಿಟ್ಟಿದ್ರ, ಸಾವು ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯ ಆಗದ ಪೆಟ್ಟಿಗೆ ಮಾಲಕ ಕೊಡಬೇಕಾಗಿಲ್ಲ ಅಂತ ಒಂದು ಮಾತು ಅದ. ಒಂದೇ ಕಣ್ಣು ಹೋದ್ರ ಅದನ್ನ ಪೂರ್ತಿ ಅಂಗವೈಕಲ್ಯ ಅಂತ ಹಿಡಿಯಂಗಿಲ್ಲ, ಅಂದ್ರ ಅದೂ ಅಂಥದೇ ಪೆಟ್ಟು. ಅದಕ್ಕ ಗಾಗಲ್ ಗೀರು ಬಿದ್ದದ, ಕಾಣಂಗಿಲ್ಲ ಅಂತಿದ್ರ ಸುಮ್ಮ ತೆಗೆದಿಡಬ್ಯಾಡ್ರಿ, ಸೂಪರ್‌ವೈಸರ್‌ಗೆ ವಾಟ್ಸಾಪ್‌ನಾಗ ಫೋಟೋ ಹಾಕಿ ಬದಲಿ ಕೇಳ್ರಿ, ಆ ಮೆಸೇಜ್ ಅಳಸಬ್ಯಾಡ್ರಿ. ಪೆಟ್ಟಾದ್ರ ಅದೇ ದಿನ ಆಕ್ಸಿಡೆಂಟ್ ರಜಿಸ್ಟರ್‌ನಾಗ ಬರೆಸ್ರಿ. ಪಗಾರ 21,000 ತನಕ ಇದ್ದವ್ರು ಇಎಸ್ಐ ಕಾರ್ಡ್ ಅದನೋ ಇಲ್ಲೋ ಇವತ್ತೇ ನೋಡ್ಕೋರಿ, ನಮ್ಮ ಕಡೆಯವ್ರಿಗೆ ಚಿಂಚ್ವಡದ ಮೋಹನನಗರದಾಗ ಇಎಸ್ಐ ಆಸ್ಪತ್ರಿ ಅದ. ಆ ಪರಿಹಾರ ಕಾಯ್ದೆಯ ಪಟ್ಟಿಯಾಗ ದುಡಿಯೋ ಶಕ್ತಿ ಎಷ್ಟು ಹೋತು ಅಂತ ಕಣ್ಣಿಗೂ ಪರ್ಸೆಂಟ್ ಹಾಕ್ಯಾರ, ಇನ್ನೊಂದು ಕಣ್ಣು ಚೊಲೋ ಇದ್ದು ಒಂದು ಕಣ್ಣು ಪೂರಾ ಹೋದ್ರ 40, ಗುಡ್ಡಿ ಉಳಿದು ದೃಷ್ಟಿ ಅಷ್ಟೇ ಹೋದ್ರ 30. ಈ ಪಟ್ಟಿ ನಾ ಎಷ್ಟೋ ಸಲ ಎಷ್ಟೋ ಮಂದಿಗೆ ಓದಿ ಹೇಳೀನಿ, ಓದುವಾಗ ಒಂದು ಸಲನೂ ಅವ್ರ ಮಾರಿ ನೋಡ್ಲಿಕ್ಕೆ ಆಗಿಲ್ಲ.

ಪ್ರಶ್ನೆ: ಫ್ಲ್ಯಾಟುಗಳ ಗೋಡೆ ಒಡೆಯೋ ಕೆಲಸ ನಂದು, ಹಮ್ಮರ್ ಚಾಣ. ನಿನ್ನೆ ಹೊಡೆಯಾಗ ಏನೋ ಚಟಕ್ ಅಂತ ಕಣ್ಣಿಗೆ ಬಡಿದಂಗಾತು. ಒಂದು ಹನಿ ನೀರು ಬಂತು, ಈಗ ನೋವಿಲ್ಲ, ಕಾಣ್ತದ. ದವಾಖಾನಿಗೆ ಹೋಗೋದು ಬೇಕಾ?

ಉತ್ತರ: ಅಣ್ಣಾ, ನಿಮ್ಮ ಮೆಸೇಜಿನಾಗ ನಂಬರ್ ಇತ್ತು, ಓದಿದ ಐದು ನಿಮಿಷಕ್ಕ ಫೋನ್ ಮಾಡಿ ಈಗಿಂದೀಗ ಹೋಗ್ರಿ ಅಂತ ಹೇಳೀನಿ, ಇಲ್ಲಿ ಬರಿಯೋದು ಉಳಿದವ್ರ ಸಲುವಾಗಿ. ಉಕ್ಕಿನ ಮ್ಯಾಲ ಉಕ್ಕು ಹೊಡೆಯಾಗ ಸಿಡಿಯೋ ಚೂರು ಸಣ್ಣದು, ಹರಿತ, ಭಾರೀ ವೇಗ, ಕಣ್ಣು ತೂರಿ ಒಳಗ ಕೂತ್ಕೋತದ, ಹೊರಗ ತೂತೇ ಕಾಣಂಗಿಲ್ಲ. ನೋವಿಲ್ಲ ಅಂತ ಬಿಟ್ರ ಒಳಗಿನ ಕಬ್ಬಿಣ ತಿಂಗಳುಗಟ್ಟಲೆ ಕರಗಿ ಕಣ್ಣಿನ ಒಳಪರದೆ ಹಾಳು ಮಾಡ್ತದ. ಅಪರೂಪಕ್ಕ ತೂತು ಬಿದ್ದ ಕಣ್ಣಿನ ದೆಸೆಯಿಂದ ಚೊಲೋ ಇದ್ದ ಇನ್ನೊಂದು ಕಣ್ಣೂ ಹೋಗ್ತದ. ಕುರುಡ್ರಿಗೆ ಲಿಪಿ ಕೊಟ್ಟ ಲೂಯಿ ಬ್ರೈಲ್ ಹುಟ್ಟು ಕುರುಡ ಅಲ್ರಿ, 1809ರಾಗ ಫ್ರಾನ್ಸಿನಾಗ ಹುಟ್ಟಿದ, ಅಪ್ಪ ಕುದುರಿ ಜೀನು ಹೊಲಿಯೋನು, ಮೂರು ವರ್ಷದಾಗ ಅಪ್ಪನ ವರ್ಕ್‌ಶಾಪಿನಾಗ ಚರ್ಮ ಚುಚ್ಚೋ ದಬ್ಬಣ ಒಂದು ಕಣ್ಣಿಗೆ ಚುಚ್ಕೊಂಡ, ಆಮ್ಯಾಲ ಇನ್ನೊಂದೂ ಹೋತು.

ಹಿಂಗಾದಾಗ ಕಣ್ಣು ತಿಕ್ಕಬ್ಯಾಡ್ರಿ, ಒತ್ತಿ ಪಟ್ಟಿ ಕಟ್ಟಬ್ಯಾಡ್ರಿ, ಚಹಾ ಕುಡಿಯೋ ಪೇಪರ್ ಕಪ್ ಒಂದನ್ನ ಕಣ್ಣಿಗೆ ಮುಟ್ಟದಂಗ ಹಚ್ಕೊಂಡು ಹೋಗ್ರಿ, ಹಮ್ಮರ್ ಹೊಡೆಯಾಗ ಆತು ಅಂತ ಡಾಕ್ಟರ್‌ಗೆ ಬಿಡಿಸಿ ಹೇಳ್ರಿ, ಯಾಕಂದ್ರ ಕಣ್ಣಾಗ ಕಬ್ಬಿಣ ಇದ್ದಾಗ ಎಂಆರ್‌ಐ ಮಾಡೋ ಹಂಗಿಲ್ಲ. ಸುಣ್ಣ, ಸಿಮೆಂಟ್ ಕಣ್ಣಾಗ ಬಿದ್ರ ಅದು ಬ್ಯಾರೆ, ಆಗ ಅಲ್ಲೇ ನಿಂತು ಹದಿನೈದು ಇಪ್ಪತ್ತು ನಿಮಿಷ ನೀರು ಹಾಕಿ ತೊಳ್ದು ಆಮ್ಯಾಲ ಓಡಬೇಕು. ಮತ್ತ ಚಾಣದ ತಲಿ ನೋಡ್ಕೋರಿ, ಹೊಡೆದು ಹೊಡೆದು ಅಣಬಿಯಂಗ ಅರಳಿರ್ತದಲ್ಲ, ಆ ಅಂಚೇ ಮುರಿದು ಹಾರೋದು, ವಾರಕ್ಕೊಮ್ಮೆ ಗ್ರೈಂಡರ್‌ಗೆ ಹಿಡಿದು ತೆಗೆಸ್ರಿ.

ಅಣ್ಣಾವ್ರ ತಮ್ಮ ಮೊನ್ನೆ ಫೋನ್ ಮಾಡಿದ್ದ. ಸಿಟಿ ಸ್ಕ್ಯಾನಿನಾಗ ಎಳ್ಳಿಗಿಂತ ಸಣ್ಣ ಒಂದು ಚೂರು ಕಂಡದ, ಆಪರೇಷನ್ ಮಾಡಿ ತೆಗೆದಾರ. ದೃಷ್ಟಿ ಎಷ್ಟು ಉಳೀತದ ಅಂತ ಡಾಕ್ಟರ್ ಇನ್ನೂ ಹೇಳಿಲ್ಲ, ಬರೋ ಸೋಮವಾರ ಪಟ್ಟಿ ಬಿಚ್ತಾರಂತ.